ಉತ್ತರಕ್ಕೆ ಕಾದ ಬಾವುಟ

ಮಿಯಾಪುರದಲ್ಲಿ ನಮ್ಮ ಎದುರು ಬ್ಲಾಕಿನ ಮೊದಲ ಮಹಡಿಯಲ್ಲಿ ಹಿರಿಯರೊಬ್ಬರಿದ್ದರು, ಬಾಗಲಕೋಟೆ ಕಡೆಯವರು. ನೌಕಾಪಡೆಯಲ್ಲಿ ಬಾವುಟಗಳಿಂದ ಸಂಕೇತ ಕಳಿಸುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಬಾಲ್ಕನಿಯ ಕೋಲಿಗೆ ತಾವೇ ಹೊಲಿದ ನೀಲಿ ಬಾವುಟ ಕಟ್ಟಿದ್ದರು. ಬೆಳಿಗ್ಗೆ ನಾನು ಫ್ಯಾಕ್ಟರಿ ಬಸ್ಸಿಗೆ ಹೊರಟಾಗ, ಹಗ್ಗವನ್ನು ಬೆರಳ ತುದಿಯಲ್ಲಿ ಹಿಡಿದು ಅದನ್ನು ಅರ್ಧಕ್ಕೆ ಇಳಿಸುತ್ತಿದ್ದರು. ನಾನು ಬುತ್ತಿಚೀಲ ತಗ್ಗಿಸಿ ಎತ್ತಿದ ಮೇಲೆಯೇ ಮತ್ತೆ ಏರಿಸುತ್ತಿದ್ದರು.

“ಸರಕಿನ ಹಡಗು ಯುದ್ಧದ ಹಡಗಿಗೆ ಹಿಂಗ ಸಲಾಮ್ ಮಾಡತೈತ್ರಿ. ಉತ್ತರ ಬರೂತನಕ ಏರಸಂಗಿಲ್ಲ. ನೀವಿನ್ನೂ ಡ್ಯೂಟಿ ಮ್ಯಾಲಿದ್ದೀರಿ, ನಾ ರಿಟೈರ್ ಆದಾಂವ. ಮೊದಲು ನಾನ ಬಾಗಬೇಕು,” ಎಂದು ನಗುತ್ತಿದ್ದರು.

ಒಮ್ಮೆ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಆ ಬಾವುಟ ತೆಗೆಸಬೇಕೆಂಬ ಮಾತು ಬಂತು. ಎಲ್ಲರನ್ನೂ ನಗಿಸುವ ಚಪಲಕ್ಕೆ ನಾನು, “ಸಮುದ್ರ ಇಲ್ಲದ ಊರಾಗ ಹಡಗ ನಡಸೋ ಹುಚ್ಚರಿಗೆ ಏನ್ ಹೇಳೂದ್ರಿ?” ಎಂದುಬಿಟ್ಟೆ. ಅವರು ಅಲ್ಲಿಯೇ ಕುಳಿತಿದ್ದರು. ನೆನೆದರೆ ಈ ವಯಸ್ಸಿನಲ್ಲೂ ಮುಖ ಬಿಸಿಯಾಗುತ್ತದೆ.

ಮರುದಿನ ಬೆಳಿಗ್ಗೆಯೂ ಬಾವುಟ ಇಳಿಯಿತು. ನಾಚಿಕೆಯಿಂದ ನಾನು ಮೇಲೆ ನೋಡದೆ ಬಸ್ಸು ಹತ್ತಿದೆ. ಸಂಜೆ ಬಂದಾಗ ಅದು ಅರ್ಧದಲ್ಲೇ ಇತ್ತು, ಪಕ್ಕದಲ್ಲಿ ಅವರು ಕುರ್ಚಿ ಹಾಕಿಕೊಂಡು ಕುಳಿತಿದ್ದರು.

“ಇನ್ನೂ ಏರಿಸಿಲ್ಲೇನ್ರಿ?” ಎಂದೆ.

“ನೀವು ಉತ್ತರ ಕೊಡಲಾರದ ಹೆಂಗ ಏರಿಸಲಿ? ನಮ್ಮ ಮನಿಯಾಕಿ ಮುಂಜಾನಿಂದ ಬೈಯಾಕತ್ತಾಳ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಕ್ಷಮೆ ಕೇಳಬೇಕೆಂದು ಬಾಲ್ಕನಿಯ ಕೆಳಗೇ ಬಂದೆ. ತಲೆ ತಗ್ಗಿಸಿ ಹಾಗೆಯೇ ನಿಂತುಬಿಟ್ಟೆ.

ಅವರೇ ಮೇಲಿನಿಂದ ಕೂಗಿದರು: “ತಲಿ ಎತ್ರಿ ಸಾಹೇಬ್ರ. ನೀವು ಎತ್ತಿದ ಮ್ಯಾಲೇ ನಂದು ಏರೂದು.”