ಸ್ಕ್ರೂ ಮುಟ್ಟಬ್ಯಾಡ್ರಿ ಸಿಸ್ಟರ್

ಮೆಕ್ಯಾನಿಕ್ ಉಸ್ತಾದರ ಬಲ ಅಂಗೈಯ ನಟ್ಟನಡುವೆ ಬಳೆಯಂಥ ಕರಿ ಗುರುತು ಇತ್ತು. ಹಚ್ಚೆಯಲ್ಲ, ಎಂಜಿನ್ನಿಗೆ ಗಾಳಿ-ಪೆಟ್ರೋಲು ಬೆರೆಸಿ ಕೊಡುವ ಕಾರ್ಬೊರೇಟರಿನ ಬಾಯಿ ಮುಚ್ಚಿ ಮುಚ್ಚಿ ಮೂಡಿದ್ದು. ಸೋಪು, ಸೀಮೆಎಣ್ಣೆ ಯಾವುದಕ್ಕೂ ಜಗ್ಗಿರಲಿಲ್ಲ. ಮದುವೆ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವರು ಮೊದಲು ಆ ಕೈಯನ್ನು ನೋಡಿ, ಆಮೇಲೆ ಅವರ ಮುಖ ನೋಡಿ, ಬಡಿಸುತ್ತಿದ್ದರು.

ವಾಡಿಯಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲೇ ಅವರ ಗ್ಯಾರೇಜು. ಸೇಡಂ, ಶಹಾಬಾದಿನ ಹಳೆ ಗಾಡಿಗಳೆಲ್ಲ ಅವರನ್ನೇ ಹುಡುಕಿಕೊಂಡು ಬರುತ್ತಿದ್ದವು. ನಾನು ನರ್ಸ್. ಅಪ್ಪ ಬಿಟ್ಟುಹೋದ ಕಾರ್ಬೊರೇಟರ್ ಕಾಲದ ಕಾರೊಂದು ನನ್ನ ಪಾಲಿಗೆ ಬಂದಿತ್ತು. ಓಡುವಾಗ ಅದರಂಥ ಗಾಡಿ ಇಲ್ಲ. ನಿಂತರೆ ಮಾತ್ರ ನಡುಗಿ, ಕೆಮ್ಮಿ, ಬಂದ್. ವಾಡಿಯಲ್ಲಿ ನಿಲ್ಲದೆ ಓಡಾಡುವುದು ಹೇಗೆ? ರೈಲ್ವೆ ಗೇಟು ಬಿತ್ತೆಂದರೆ ಗೂಡ್ಸ್ ಗಾಡಿ ಮುಗಿಯುವುದೇ ಇಲ್ಲ. ಹಿಂದಿನವರ ಹಾರನ್ ತಾಳಲಾರದೆ ಒಮ್ಮೆ, ನಿಂತಾಗಿನ ಎಂಜಿನ್ ವೇಗ ಏರಿಸುವ ಐಡಲ್ ಸ್ಕ್ರೂ ನಾನೇ ಬಿಗಿ ಮಾಡಿದೆ. ಗಾಡಿ ನಿಂತಲ್ಲೇ ಅಬ್ಬರಿಸಿತು, ಬಂದ್ ಆಗಲಿಲ್ಲ. ಜಂಬದಿಂದ ಉಸ್ತಾದರ ಮುಂದೆ ತಂದು ನಿಲ್ಲಿಸಿದೆ.

ಬಾನೆಟ್ ಎತ್ತುವ ಮೊದಲೇ ಬೈದರು.

"ಸ್ಕ್ರೂ ಮುಟ್ಟೀರಿ ನೀವು, ಹೌದಲ್ರೀ?"

"ಬಂದ್ ಆಗ್ತಿತ್ರಿ, ಅದಕ್ಕ."

"ಬಂದ್ ಯಾಕ ಆಗ್ತಿತ್ತಂತ ನೋಡೀರೇನು? ಅದು ತನಗ ತ್ರಾಸ ಆಗ್ಯಾದಂತ ಹೇಳಾಕತ್ತದ, ನೀವು ಅದರ ಬಾಯಿ ಬಂದ್ ಮಾಡೀರಿ. ಇನ್ನ ಮ್ಯಾಲ ಸ್ಕ್ರೂ ಮುಟ್ಟಬ್ಯಾಡ್ರಿ ಸಿಸ್ಟರ್."

ಸ್ಕ್ರೂ ಮೊದಲಿನಂತೆ ಸಡಿಲಿಸಿದರು. ಎಂಜಿನ್ ಮತ್ತೆ ನಡುಗಿತು. ಏರ್ ಫಿಲ್ಟರ್ ತೆಗೆದು ಊರಿನ ಫ್ಯಾಕ್ಟರಿಯ ಸಿಮೆಂಟ್ ಧೂಳು ಕೊಡವಿದರು, ನಡುಕ ಹೋಗಲಿಲ್ಲ. ಆಗ ಅಂಗೈಯಿಂದ ಕಾರ್ಬೊರೇಟರಿನ ಬಾಯಿ ಅರ್ಧ ಮುಚ್ಚಿದರು. ಉಸಿರು ಕಟ್ಟಿಸಿದರೆ ನಿಲ್ಲಬೇಕಾದ ಎಂಜಿನ್ ಸುಧಾರಿಸಿತು! "ಕಳ್ಳ ಗಾಳಿ," ಎಂದರು. ಬಾಯಿಯಿಂದ ಬರಬೇಕಾದ ಗಾಳಿ ಎಲ್ಲೋ ಸಂದಿಯಿಂದಲೂ ನುಗ್ಗುತ್ತಿತ್ತು. ಸುತ್ತಲೂ ಸೋಪಿನ ನೀರು ಹನಿಹನಿಯಾಗಿ ಬಿಡುತ್ತಾ ಹೋದರು. ಬುಡದಲ್ಲಿ ಸಂದಿ ಮುಚ್ಚುವ ಪ್ಯಾಕಿಂಗ್ ಹತ್ತಿರ ನೀರು ಒಳಗೆ ಸೇದಿಹೋಯಿತು, ಎಂಜಿನ್ನಿನ ಸದ್ದು ಬದಲಾಯಿತು. ಹೊಸ ಪ್ಯಾಕಿಂಗ್ ಕತ್ತರಿಸಿ ಕೂರಿಸಿದರು.

ಆಮೇಲೆ ಪರೀಕ್ಷೆ. ಅದು ಅವರದೇ ಪದ್ಧತಿ. ಗಿರಾಕಿಯ ಪಕ್ಕ ಕೂತು ರೈಲ್ವೆ ಗೇಟಿಗೆ ಹೋಗಿ ಕಾಯುವುದು. ಗೂಡ್ಸ್ ಪೂರ್ತಿ ದಾಟುವವರೆಗೆ ಗಾಡಿ ಬಂದ್ ಆಗದಿದ್ದರೆ ಪಾಸು.

ಹೋದ ಬೇಸಿಗೆಯಲ್ಲಿ ಪೆಟ್ರೋಲು ಹಾಯುವ ಜೆಟ್ ತೊಳೆಸಿಕೊಂಡು ಹಾಗೆಯೇ ಗೇಟಿಗೆ ಹೋಗಿದ್ದೆವು. ಗೂಡ್ಸ್ ಅರ್ಧ ದಾಟಿತ್ತು. ಪಕ್ಕದಲ್ಲಿ ಉಸ್ತಾದರು ಎದೆ ತಿಕ್ಕಿಕೊಳ್ಳುತ್ತಿದ್ದರು. ಹಣೆ ತುಂಬ ಬೆವರು.

"ಏನಾತ್ರಿ?"

"ಏನಿಲ್ರಿ, ಗ್ಯಾಸ್ ಆಗ್ಯಾದ. ಮುಂಜಾನಿ ಮಿರ್ಚಿ ಭಜಿ ತಿಂದೀನಿ."

ನಮ್ಮ ಬೇಸಿಗೆಯಲ್ಲಿ ಬೆವರದವರು ಯಾರು? ಬ್ಯಾಗಿನಿಂದ ಗ್ಯಾಸಿನ ಗುಳಿಗೆ ತೆಗೆದು ಕೊಟ್ಟೆ. ನೀರು ಕುಡಿದು ತೇಗಿದರು. "ಭಾಳ ಹಗುರ ಆತು ನೋಡ್ರಿ," ಎಂದು ನಕ್ಕರು. ನಾನೂ ನಕ್ಕೆ. ಗೇಟಿನಾಚೆ ಹತ್ತು ನಿಮಿಷದ ದಾರಿಯಲ್ಲಿ ನಮ್ಮ ಆಸ್ಪತ್ರೆ ಇತ್ತು, ಅಲ್ಲಿ ಇಸಿಜಿ ಯಂತ್ರವೂ ಇತ್ತು. ಗೇಟು ತೆರೆಯಿತು. ನಾನು ಗಾಡಿ ಹಿಂದಕ್ಕೆ ತಿರುಗಿಸಿ ಅವರನ್ನು ಗ್ಯಾರೇಜಿಗೆ ಬಿಟ್ಟು ಬಂದೆ.

ಮರುದಿನ ಬೆಳಿಗ್ಗೆ ಅವರು ಏಳಲಿಲ್ಲ. ಹಾರ್ಟ್ ಅಟ್ಯಾಕ್ ಅಂದರು. ನಾನು ಹೋದಾಗ ಅವರ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡರು.

"ದವಾಖಾನಿಗಿ ಹೋಗೋಣ ನಡೀರಿ ಅಂದಿನ್ರಿ. 'ಸಿಸ್ಟರ್ ಗುಳಿಗಿ ಕೊಟ್ಟಾರ, ಇನ್ನ ದವಾಖಾನಿ ಯಾಕ' ಅಂದು ಮಕ್ಕೊಂಡ್ರು. ನಿಮ್ಮಿಂದ ಕಡೀ ದಿನ ಒಂದೀಟು ಸುಖದಾಗ ನಿದ್ದಿ ಮಾಡಿದ್ರು ನೋಡ್ರಿ ಸಿಸ್ಟರ್."

ಎದೆ ತಿಕ್ಕಿಕೊಂಡಿದ್ದನ್ನು ಕಂಡೂ ಗೇಟಿನಿಂದ ಹಿಂದಕ್ಕೆ ತಿರುಗಿಸಿದೆ ಎಂದು ಹೇಳಿಬಿಡಬೇಕೆಂದಿದ್ದೆ. ಹೇಳುವ ಬದಲು ಅತ್ತೆ. ಇವತ್ತಿಗೂ ಆಕೆಗೆ ಹೇಳಿಲ್ಲ.

ಈಗ ಯಾರೇ ಬಂದು ಗ್ಯಾಸ್ ಅಂದರೂ ಮೊದಲು ಇಸಿಜಿಗೆ ಮಲಗಿಸುತ್ತೇನೆ. ಜೊತೆಯವರು ನಗುತ್ತಾರೆ. ಅಂದು ಕರೆದುಕೊಂಡು ಹೋಗಿದ್ದರೆ ಉಸ್ತಾದರು ಉಳಿಯುತ್ತಿದ್ದರೇ? ಗೊತ್ತಿಲ್ಲ.

ಕಾರು ಈಚೆಗೆ ಮತ್ತೆ ನಡುಗತೊಡಗಿದೆ. ಯಾಕೆಂದು ಹೇಳುವವರು ಊರಲ್ಲಿ ಯಾರೂ ಉಳಿದಿಲ್ಲ. ಬಾನೆಟ್ ಎತ್ತಿ ನನ್ನ ಅಂಗೈಯನ್ನೇ ಅಡ್ಡ ಹಿಡಿದು ನೋಡುತ್ತೇನೆ, ಎಂಜಿನ್ ಸುಧಾರಿಸುತ್ತದೆ. ಕಳ್ಳ ಗಾಳಿ ಇದೆ ಎಂದು ತಿಳಿಯುತ್ತದೆ, ಸೋಪಿನ ನೀರು ಬಿಟ್ಟರೂ ಎಲ್ಲಿ ಎಂದು ನನಗೆ ಸಿಕ್ಕುವುದಿಲ್ಲ. ಗೇಟಿನಲ್ಲಿ ಬಂದ್ ಆಗಿ ನಿಂತುಬಿಡುತ್ತದೆ. ಹಿಂದಿನವರು ಹಾರನ್ ಹೊಡೆಯುತ್ತಾರೆ, ಬೈಯುತ್ತಾರೆ. ಬೈಯಲಿ. ನಾನು ಸ್ಕ್ರೂ ಮುಟ್ಟುವುದಿಲ್ಲ.