ಲೋಕನಾಥ್ ಫೋನಿನಲ್ಲಿ ಸುತ್ತಿದ ದ್ಯೋರ್ ಪಟ್ಟಣ

ರಾಯದುರ್ಗದ ಜೀನ್ಸ್ ಹೊಲಿಯುವ ಓಣಿಗಳಲ್ಲಿ ಕಟಿಂಗ್ ಮಾಸ್ಟರ್ ಲೋಕನಾಥ್ ಅಂದರೆ ಸಮಾಧಾನಕ್ಕೆ ಇನ್ನೊಂದು ಹೆಸರು. ಪಕ್ಕದಲ್ಲಿ ಪಟಾಕಿ ಸಿಡಿದರೂ ಅವನ ಕೈ ಗೆರೆ ಬಿಟ್ಟು ಸರಿಯುತ್ತಿರಲಿಲ್ಲ. ಅಂಥವನು ಆ ಶನಿವಾರ ಒಂದು ಥಾನು ಬಟ್ಟೆಯಲ್ಲಿ ಬರೀ ಎಡಗಾಲುಗಳನ್ನೇ ಕತ್ತರಿಸಿಟ್ಟ. ಬಲಗಾಲೇ ಇಲ್ಲದ ಪ್ಯಾಂಟು! ಹೊಲಿಯುವವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನಿಗೆ ನಗು ಬರಲಿಲ್ಲ, ಪಾಪ.

ಹೆಂಡತಿ ಪ್ರಸನ್ನಲಕ್ಷ್ಮಿ ಹಂಗೇರಿ ದೇಶದ ದ್ಯೋರ್ ಎಂಬ ಹಳೇ ಪಟ್ಟಣಕ್ಕೆ ಕಾರಿನ ಸೀಟಿನ ಕವರ್ ಹೊಲಿಯಲು ಹೋಗಿ ಎರಡು ವರ್ಷವಾಗುತ್ತಾ ಬಂದಿತ್ತು. ಕರಾರು ಮುಗಿಯುವುದರಲ್ಲಿತ್ತು. ವಾಪಸು ಬರುತ್ತಾಳೋ, ಇನ್ನೆರಡು ವರ್ಷಕ್ಕೆ ಸಹಿ ಹಾಕುತ್ತಾಳೋ? ಅವಳು ಹೇಳಿರಲಿಲ್ಲ, ಇವನು ಕೇಳಿರಲಿಲ್ಲ. ಹೊರಡುವಾಗಲೂ ‘ನಿನ್ನ ಇಷ್ಟ’ ಅಂದಿದ್ದನೇ ಹೊರತು ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಹೆಂಡತಿಯನ್ನು ಕಟ್ಟಿಹಾಕದ ಗಂಡ ತಾನು ಎಂದು ಒಳಗೊಳಗೇ ಹೆಮ್ಮೆ ಬೇರೆ. ಹೆಮ್ಮೆಯೇನೋ ಸರಿ, ಅದು ಕಣ್ಣಿಗೆ ನಿದ್ದೆ ತಂದುಕೊಡುತ್ತದೆಯೇ?

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತವನು ಎರಡು ಸಲ ಎದ್ದು ಬಾಗಿಲಿಗೆ ಹೋಗಿಬಂದ. ತಾಯಿ ರಾಮಾಂಜಿನಮ್ಮನಿಗೆ ರೇಗಿತು.

“ಯಾಕ ಹಿಂಗ ಕಾಲು ಸುಟ್ಟ ಬೆಕ್ಕಿನಂಗ ಆಡಾಕತ್ತೀ? ಬಾಯಿಗೆ ಬೀಗ ಹಾಕ್ಕೊಂಡು ಎಷ್ಟು ದಿನ ಇರ್ತೀ? ಇವತ್ತು ಕೇಳಿಬಿಡು, ಬರ್ತಾಳೋ ಇಲ್ಲೋ ಅಂತ.”

“ಕೇಳ್ತೀನಿ ಬಿಡಮ್ಮ,” ಅನ್ನುವಷ್ಟರಲ್ಲಿ ಫೋನು ಬಂತು. ವಿಡಿಯೋ ಕಾಲ್.

“ರೀ, ಇವತ್ತು ರಜಾ ಕಣ್ರೀ,” ಅಂದಳು ಪ್ರಸನ್ನಲಕ್ಷ್ಮಿ. ಅವಳದು ಮಡಕಶಿರಾ ಕಡೆಯ ಮಾತು. “ಎರಡು ವರ್ಷದಿಂದ ರೂಮು, ಫ್ಯಾಕ್ಟ್ರಿ, ಅಷ್ಟೇ. ಈ ಊರೇ ನೋಡಿಲ್ಲ. ಒಂದು ಮ್ಯಾಪ್ ಇಸ್ಕಂಡಿದೀನಿ, ಏನೇನು ನೋಡ್ಬೇಕು ಅಂತ ಅದ್ರಾಗೇ ನಂಬರ್ ಹಾಕವ್ರೆ. ಗೈಡು ಗೀಡು ಏನೂ ಬೇಡ. ಬನ್ನಿ, ಇಬ್ರೂ ಸುತ್ತಾಣ!”

ಫೋನನ್ನು ಊರಿನತ್ತ ತಿರುಗಿಸಿದಳು. ತಾಯಿಯ ಕಿವಿ ತನ್ನ ಕಡೆಗೇ ಇರುವುದನ್ನು ಕಂಡು ಲೋಕನಾಥ್ ಕೈತೊಳೆದು ಬೀದಿಗಿಳಿದ. ಅವಳು ಅಲ್ಲಿ ನಡೆದಳು, ಇವನು ಇಲ್ಲಿ ಬಿಸಿಲಲ್ಲಿ ನಡೆದ.

ಮೊದಲು ಹೊಳೆಗಳು ಕೂಡುವ ಜಾಗ ಬಂತು. ಕಣೇಕಲ್ಲು ಕೆರೆ ತುಂಬಿದರೇ ಹಿಗ್ಗಿ ಹೀರೇಕಾಯಿ ಆಗುವ ಮನುಷ್ಯ, ಅಷ್ಟು ನೀರು ಕಂಡೂ ಬರೀ “ಹೂಂ” ಅಂದ. ಈಗ ಕೇಳಲೇ? ಅಷ್ಟರಲ್ಲಿ ಅವಳು ಸೇತುವೆ ದಾಟಿಬಿಟ್ಟಿದ್ದಳು.

“ಇದು ಬೆಟ್ಟ ಅಂತೆ ಕಣ್ರೀ. ಮ್ಯಾಲೆ ಬಿಷಪ್ಪರ ಕೋಟೆ, ದೊಡ್ಡ ಚರ್ಚು.”

ಲೋಕನಾಥ್ ತಲೆ ಎತ್ತಿ ತನ್ನೂರಿನ ಕೋಟೆ ಬೆಟ್ಟ ನೋಡಿದ. “ಅದು ಬೆಟ್ಟ ಏನಾ? ನಮ್ಮ ಕಡೆ ಅದಕ್ಕ ದಿಬ್ಬ ಅಂತಾರ.”

ಅವಳು ಕಿಲಕಿಲ ನಕ್ಕಳು. ಇಷ್ಟು ಖುಷಿಯಾಗಿರುವವಳನ್ನು ಬಾ ಅನ್ನುವುದು ಹೇಗೆ? ಅನ್ನದೆ ಇರುವುದಾದರೂ ಹೇಗೆ?

ಚರ್ಚು ನೋಡಿ, ಕಲ್ಲುಹಾಸಿನ ದೊಡ್ಡ ಚೌಕಕ್ಕೆ ಬಂದಳು. ಅಲ್ಲೊಂದು ಮನೆಯ ಮೂಲೆಯಲ್ಲಿ ಮರದ ಬೊಡ್ಡೆ. ಮೈತುಂಬ ಮೊಳೆ, ಬೆರಳಿಡಲೂ ಜಾಗವಿಲ್ಲ. ಲೋಕನಾಥ್ ನಡುಬೀದಿಯಲ್ಲಿ ನಿಂತುಬಿಟ್ಟ.

“ಏ, ಮುಟ್ಟಬ್ಯಾಡ! ದೂರ ಸರಿ! ಅಬ್ಬಬ್ಬಾ, ಎಷ್ಟು ದೆವ್ವ ಬಡಿದಾರ ಅದಕ್ಕ!”

ಅವನ ತಪ್ಪಲ್ಲ. ಈ ಸೀಮೆಯಲ್ಲಿ ಗಾಳಿ ಸೋಕಿದವರ ಕೂದಲನ್ನು ಮರಕ್ಕಿಟ್ಟು ಮೊಳೆ ಹೊಡೆದು, ದೆವ್ವ ಅಲ್ಲೇ ಕೂತಿತು ಅನ್ನುತ್ತಾರೆ. ಮೊಳೆ ಹೊಡೆದ ಮರವನ್ನು ಯಾರೂ ಮುಟ್ಟುವುದಿಲ್ಲ.

ಈ ಸಲ ಅವಳು ನಗಲಿಲ್ಲ. “ನಾನೂ ಹಂಗೇ ಅನ್ಕಂಡೆ ಕಣ್ರೀ. ಆಮ್ಯಾಲೆ ಮ್ಯಾಪಿನ ಹಿಂದೆ ಬರ್ದಿರೋದು ಓದ್ದೆ. ಕಸುಬು ಕಲಿಯಾಕೆ ಊರೂರು ತಿರುಗ್ತಿದ್ದೋರು ಒಂದೊಂದು ಮೊಳೆ ಹೊಡೆದು ಮುಂದಕ್ಕೋಗ್ತಿದ್ರಂತೆ. ವಿಯೆನ್ನಾದಾಗೆ ಅಂಥದ್ದೊಂದೈತಂತೆ, ಅದನ್ನ ನೋಡಿ ಇಲ್ಲಿ ಅಂಗಡಿಯೋರು ಮಾಡಿಸಿ ಇಟ್ಕಂಡಿದ್ರಂತೆ.” ಮತ್ತೆ ಅಂದಳು: “ನನ್ನ ಕೂದಲೂ ನಮ್ಮ ಕಡೆ ಅಗಳಿ ಊರ ಹತ್ರ ಹುಣಸೆಮರದಾಗೈತೆ, ಗೊತ್ತಾ? ಹುಡುಗಿ ಮನೇಲಿ ನಿಲ್ಲಲ್ಲ, ತಿರುಗೋ ದೆವ್ವ ಹಿಡಿದೈತೆ ಅಂತ ನಮ್ಮಮ್ಮ ಮೊಳೆ ಹೊಡೆಸಿದ್ಲು. ಎಷ್ಟು ಅತ್ತಿದ್ದೆ!”

ಹದಿನೈದು ವರ್ಷದ ಸಂಸಾರದಲ್ಲಿ ಇದು ಅವನಿಗೆ ಗೊತ್ತೇ ಇರಲಿಲ್ಲ. ಇನ್ನು ತಾನೂ ಬಾ ಅಂದರೆ ಮತ್ತೊಂದು ಮೊಳೆ ಹೊಡೆದಂತೆ. ಅನ್ನಬಾರದು, ಅನ್ನಲೇಬಾರದು ಎಂದುಕೊಂಡ. ಅಷ್ಟು ಗಟ್ಟಿ ಮನಸ್ಸು ಮಾಡಿದವನ ಬಾಯಿ ತಾನೇ ತೆರೆದುಕೊಂಡಿತು.

“ಲಕ್ಷ್ಮೀ, ಬಂದುಬಿಡು. ನಿನ್ನ ಬಿಟ್ಟು ಇರಾಕ ಆಗವಲ್ದು ನನಗ. ನಿನ್ನೆ ಬರೇ ಎಡಗಾಲು ಕತ್ತರಿಸಿಟ್ಟೀನಿ, ಕೇಳು. ತಲಿ ಕೆಟ್ಟುಹೋಗ್ಯದ.”

ಪರದೆಯ ಮೇಲಿನ ಮೊಳೆಗಳು ಸರಿದು ಬರೀ ಕಲ್ಲುಹಾಸು ಕಂಡಿತು. ಅವಳು ಫೋನು ಕೆಳಗಿಳಿಸಿದ್ದಳು.

“ಮೊನ್ನೆ ಶುಕ್ರವಾರ ಸಹಿ ಹಾಕ್ಬಿಟ್ಟೆ ಕಣ್ರೀ,” ಅಂದಳು. “ಇನ್ನೆರಡು ವರ್ಷ. ಹೆಂಗೆ ಹೇಳ್ಲಿ ಅಂತ ತಿಳೀದೆ ಊರು ತೋರಿಸ್ತಾ ಬಂದೆ. ನೀವು ಒಂದ್ಸಲಾನಾದ್ರೂ ಬಾ ಅಂತೀರೇನೋ ಅಂತ ಎರಡು ವರ್ಷ ಕಾದೆ. ಅನ್ಲೇ ಇಲ್ಲ. ನಾನು ಬೇಡ್ವೇನೋ ಅನ್ಕಂಡೆ.”

ಲೋಕನಾಥ್ ಯಾರದೋ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತ. ಎಂಥ ಮೂರ್ಖ ನಾನು ಎಂದು ಹಣೆ ಬಡಿದುಕೊಂಡ. ಎರಡೇ ದಿನ! ಎರಡು ದಿನ ಮುಂಚೆ ಈ ಬಾಯಿಗೆ ಏನಾಗಿತ್ತು?

ಅವಳು ಮೂಗೆಳೆದುಕೊಳ್ಳುತ್ತಾ ಮ್ಯಾಪ್ ಬಿಡಿಸಿದ ಸದ್ದು ಕೇಳಿತು. “ಇನ್ನೂ ನಾಕು ಜಾಗ ಐತೆ. ತೋರಿಸ್ಲಾ?”

“ಊರು ಸಾಕು,” ಅಂದ ಲೋಕನಾಥ್. “ಫೋನು ನಿನ್ನ ಕಡಿ ತಿರುಗಿಸು. ನಿನ್ನ ಮಾರಿ ನೋಡಬೇಕು.”