ಗಂಡನ ಹೆಸರಿನ ಕಾಲಂ

2006ನೇ ಇಸವಿ. ಕಲಬುರಗಿಯಲ್ಲಿ ಒಂದು ಮೊಬೈಲ್ ಕಂಪನಿಯ ಗ್ರಾಹಕ ದಾಖಲಾತಿ ವಿಭಾಗಕ್ಕೆ ನಾನು ಇನ್‌ಚಾರ್ಜ್ ಆಗಿದ್ದೆ. ಕಂಪನಿಯ ಹೆಸರು ಇಲ್ಲಿ ಬೇಡ. ಅದರ ಉಪ್ಪು ತಿಂದಿದ್ದೇನೆ, ಮೇಲಾಗಿ ಈ ಪ್ರಕರಣದಲ್ಲಿ ತಪ್ಪು ಮಾಡಿದ್ದು ಕಂಪನಿಯಲ್ಲ, ನಾನು. ಜಗತ್ ಸರ್ಕಲ್ಲಿನ ಗದ್ದಲಕ್ಕೆ ಕಿಟಕಿ ತೆರೆದಿದ್ದ ಮೊದಲನೇ ಮಹಡಿಯ ಕೋಣೆಯಲ್ಲಿ ನನ್ನ ಟೇಬಲ್ಲು, ಹಿಂದೆ ಮೂರು ಕಬ್ಬಿಣದ ಅಲ್ಮಾರಿ, ಅಲ್ಮಾರಿ ತುಂಬ ಫಾರಂಗಳು.

ಫಾರಂ ಅಂದರೆ ಪ್ರೀಪೇಯ್ಡ್ ಸಿಮ್ ಕೊಳ್ಳುವವರು ತುಂಬಬೇಕಾದ ಅರ್ಜಿ. ಹೆಸರು, ತಂದೆ ಅಥವಾ ಗಂಡನ ಹೆಸರು, ವಿಳಾಸ, ಉದ್ಯೋಗ, ಫೋಟೊ, ಸಹಿ, ಜೊತೆಗೆ ಗುರುತಿನ ದಾಖಲೆಯ ಝೆರಾಕ್ಸು. ನಿಯಮ ಹೀಗಿದ್ದರೂ ಅಂಗಡಿಗಳಲ್ಲಿ ಸಿಮ್ ಮಾರುತ್ತಿದ್ದ ರೀತಿಯೇ ಬೇರೆ. ಗಿರಾಕಿ ಸಿಮ್ ಹಾಕಿಕೊಂಡು ಹೋದಮೇಲೆ ಅಂಗಡಿಯವನು ಕೈಗೆ ಸಿಕ್ಕ ಯಾರದೋ ಝೆರಾಕ್ಸ್ ಲಗತ್ತಿಸಿ ಫಾರಂ ಕಳಿಸುತ್ತಿದ್ದ. ನಾವೂ ಕಣ್ಣು ಮುಚ್ಚಿ ಅಲ್ಮಾರಿಗೆ ಸೇರಿಸುತ್ತಿದ್ದೆವು.

ನಮ್ಮ ಕಣ್ಣು ತೆರೆಸಿದ್ದು ಒಂದು ಬೆದರಿಕೆ ಕರೆ. ಊರಿನ ಒಂದು ಶಾಲೆಗೆ ಯಾರೋ ಫೋನು ಮಾಡಿ ಬಾಂಬ್ ಇಟ್ಟಿದ್ದೇನೆ ಅಂದ. ಬಾಂಬ್ ಇರಲಿಲ್ಲ, ಆದರೆ ಮಕ್ಕಳನ್ನು ಹೊರಗೆ ಓಡಿಸುವಾಗ ಮೆಟ್ಟಿಲ ಮೇಲೆ ಬಿದ್ದು ಕೈಕಾಲು ಮುರಿದುಕೊಂಡವರಿದ್ದರು. ಕರೆ ಬಂದ ನಂಬರು ನಮ್ಮದು. ಸಬ್ ಇನ್‌ಸ್ಪೆಕ್ಟರ್ ಒಬ್ಬರು ಪತ್ರ ಹಿಡಿದು ಬಂದರು. ಫಾರಂ ತೆಗೆದುಕೊಟ್ಟೆ. ಕೋಟೆ ಭಾಗದ ಒಬ್ಬ ಮುದುಕರ ಹೆಸರಿನಲ್ಲಿತ್ತು. ಸಬ್ ಇನ್‌ಸ್ಪೆಕ್ಟರ್ ಆ ವಿಳಾಸಕ್ಕೆ ಹೋಗಿ ಬಂದು ಸಂಜೆ ಫಾರಂ ನನ್ನ ಟೇಬಲ್ಲಿನ ಮೇಲೆ ಒಗೆದರು.

“ದೇಶಪಾಂಡೆಯವ್ರ, ನಿಮ್ಮ ಕಾಗದದ ಪ್ರಕಾರ ಸತ್ತು ಎರಡು ವರ್ಷ ಆದಾಂವ ಫೋನ್ ಮಾಡ್ಯಾನ.”

ಆ ಕರೆ ಮಾಡಿದವನು ಕೊನೆಗೂ ಸಿಗಲಿಲ್ಲ. ನನಗೆ ಮಾತ್ರ ಆ ಮಾತು ನಾಟಿಬಿಟ್ಟಿತು. ಎಲ್ಲ ಫಾರಂಗಳನ್ನು ಮರುಪರಿಶೀಲಿಸಿ, ತಾಳೆಯಾಗದ ನಂಬರುಗಳನ್ನು ಕಡಿತ ಮಾಡಿ ಎಂದು ಮೇಲಿನಿಂದ ಆದೇಶ ಬಂದಾಗ ನಾನು ಹಟಕ್ಕೆ ಬಿದ್ದವನ ಹಾಗೆ ಕೂತೆ. ಮೊದಲಿನಿಂದಲೂ ನನ್ನದು ಅಚ್ಚುಕಟ್ಟಿನ ಸ್ವಭಾವ. ಜೇವರ್ಗಿ ಕಾಲೋನಿಯ ಮನೆಯಲ್ಲಿ ನನ್ನ ಹೆಂಡತಿ ಊಟಕ್ಕೆ ಬಡಿಸುವ ಮುಂಚೆ, “ಸಾರಿಗೂ ಫಾರಂ ತುಂಬಬೇಕೇನ್ರಿ?” ಎಂದು ಛೇಡಿಸುತ್ತಿದ್ದಳು. ದಿನಕ್ಕೆ ನೂರಾರು ಫಾರಂ ನೋಡುತ್ತಿದ್ದೆ, ಅನುಮಾನ ಬಂದ ನಂಬರಿಗೆ ನಾನೇ ಫೋನು ಹಚ್ಚುತ್ತಿದ್ದೆ.

ಹೀಗೆ ಒಂದು ಸಂಜೆ ಹಚ್ಚಿದ ಫೋನಿಗೆ ಹೆಂಗಸಿನ ದನಿ ಉತ್ತರಿಸಿತು. ಫಾರಂನಲ್ಲಿ ಇದ್ದದ್ದು ಗಡ್ಡದ ಮುದುಕ. ಸಿಮ್ ಮಾರಿದವನು ಕೋಟೆಯ ಎದುರು ಅಂಗಡಿ ಇಟ್ಟಿದ್ದ ಇಬ್ರಾಹಿಂ. ಕರೆಸಿ ಕೇಳಿದೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ.

“ಗಲತಿ ಆಗ್ಯಾದ ಸಾಬ್. ಉಳಿದಾವೆಲ್ಲ ದುರಸ್ತಿ ಮಾಡಿ ಕೊಡ್ತೀನಿ. ಇದೊಂದು ಬಿಟ್ಟುಬಿಡ್ರಿ.”

“ಯಾಕ ಬಿಡಬೇಕು? ಕಾರಣ ಹೇಳು.”

“ಹೇಳಾಂಗಿಲ್ಲ ಸಾಬ್. ಒಬ್ಬರ ಮನಿ ಮಾತು.”

ಏನೋ ಮುಚ್ಚಿಡುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಶನಿವಾರದೊಳಗೆ ಆ ಹೆಂಗಸು ದಾಖಲೆ ಸಮೇತ ಆಫೀಸಿಗೆ ಬರಬೇಕು, ಇಲ್ಲವಾದರೆ ನಂಬರು ಕಟ್ ಎಂದು ಹೇಳಿ ಕಳಿಸಿದೆ.

ಅವಳು ಶನಿವಾರ ಬಂದಳು. ಸುವರ್ಣಾ ಎನ್ನೋಣ, ನಿಜವಾದ ಹೆಸರನ್ನು ಇಲ್ಲಾದರೂ ಬಚ್ಚಿಡುತ್ತೇನೆ. ಮೂವತ್ತರ ಆಸುಪಾಸಿನ ವಯಸ್ಸು, ಸೆರಗು ತಲೆಯ ತುಂಬ ಹೊದ್ದಿದ್ದಳು. ಕಮಲಾಪುರದಲ್ಲಿ ಬಾಡಿಗೆ ಕೋಣೆಯಲ್ಲಿದ್ದಳು. ಮದುವೆಗೆ ಮುಂಚಿನ ಮತದಾರರ ಚೀಟಿ, ಮನೆ ಮಾಲಕಿ ಕೊಟ್ಟ ಪತ್ರ, ಲೈಟ್ ಬಿಲ್ಲಿನ ಝೆರಾಕ್ಸು ಎಲ್ಲ ತಂದಿದ್ದಳು. ನನ್ನೆದುರೇ ಕೂತು ಹೊಸ ಫಾರಂ ತುಂಬತೊಡಗಿದಳು. ಎರಡನೇ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು.

“ಇಲ್ಲಿ ತಂದಿ ಹೆಸರು ಬರದ್ರ ನಡೀತದಲ್ರೀ?”

ನಡೆಯುತ್ತಿತ್ತು. ಕಾಲಮ್ಮಿನಲ್ಲಿ ತಂದೆ, ಒಂದು ಓರೆಗೆರೆ, ಆಮೇಲೆ ಗಂಡ ಎಂದು ಅಚ್ಚಾಗಿತ್ತು. ಯಾವುದಾದರೂ ಒಂದು ಸಾಕು ಎಂಬುದೇ ಆ ಗೆರೆಯ ಅರ್ಥ. ಆದರೆ ನಾನು ಅವಳ ಕಾಲುಂಗುರ ನೋಡಿದ್ದೆ.

“ಲಗ್ನ ಆದವ್ರು ಗಂಡನ ಹೆಸರ ಬರೀಬೇಕ್ರಿ.”

ಅವಳು ಪೆನ್ನನ್ನು ಫಾರಂ ಮೇಲೆ ಇಟ್ಟಳು. ನಮ್ಮ ಕಡೆ ಹಳೆಯ ಪದ್ಧತಿಯ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯಲ್ಲಿ ಮದುಮಗಳನ್ನು ಹೊಸ್ತಿಲಲ್ಲಿ ತಡೆದು ಹೆಸರು ಹೇಳು ಎಂದು ಕಾಡುತ್ತಾರೆ. ಅವಳು ಪ್ರಾಸ ಕಟ್ಟಿದ ಎರಡು ಸಾಲಿನೊಳಗೆ ಹೆಸರು ಸೇರಿಸಿ ಹೇಳಿ ಒಳಗೆ ಓಡುತ್ತಾಳೆ. ಅದಕ್ಕೆ ಒಡಪು ಎನ್ನುತ್ತಾರೆ. ಮನೆಯಲ್ಲಿ ಮರಾಠಿ ಆಡುವ ನಾವು ಉಖಾಣಾ ಎನ್ನುತ್ತೇವೆ. ನನ್ನ ಹೆಂಡತಿ ಹೇಳಿದ ಉಖಾಣಾ ನನಗೆ ಇವತ್ತಿಗೂ ಬಾಯಿಪಾಠ. ಸುವರ್ಣಾಳದ್ದೂ ಅದೇ ನಾಚಿಕೆ ಎಂದುಕೊಂಡೆ. ಅಂದಿನ ನನ್ನ ಹುರುಪಿನಲ್ಲಿ ನಗೆಚಾಟಿಕೆ ಬೇರೆ ಮಾಡಿದೆ.

“ಹೆಸರು ಹೇಳಾಕ ನಾಚಿಕಿ ಬಂತೇನವ್ವಾ? ಬೇಕಾದ್ರ ಒಡಪು ಹಾಕಿ ಹೇಳ್ರಿ, ನಾವೂ ಕೇಳ್ತೇವಿ.”

ಆಚೆ ಟೇಬಲ್ಲಿನ ಗುಮಾಸ್ತರಿಬ್ಬರೂ ನಕ್ಕರು. ಅವಳು ನಗಲಿಲ್ಲ. ಪೆನ್ನು ಎತ್ತಿಕೊಂಡು ಒಂದೊಂದೇ ಅಕ್ಷರ ಬರೆದಳು. ಬರೆದು ಮುಗಿಸಿ, “ಇದನ್ನ ಯಾರ್ಯಾರು ನೋಡ್ತಾರ್ರೀ?” ಎಂದು ಕೇಳಿದಳು.

“ಪೊಲೀಸರು ಬಿಟ್ರ ಯಾರೂ ನೋಡಂಗಿಲ್ಲ. ಅವರೂ ಪತ್ರ ತರಬೇಕು.” ಇದನ್ನು ಹೆಮ್ಮೆಯಿಂದ ಹೇಳಿದೆ.

ಉದ್ಯೋಗದ ಕಾಲಂ ಖಾಲಿ ಇತ್ತು. ಅದನ್ನೂ ತುಂಬಬೇಕೇ ಎಂದಳು. ಹಟ ಗೆದ್ದ ಖುಷಿಯಲ್ಲಿದ್ದೆನಲ್ಲ, ಇರಲಿ ಬಿಡ್ರಿ ಎಂದೆ. ಏಳುವಾಗ ಅವಳೇ ಹೇಳಿದಳು: “ಫೋನ್ ಸಂಜಿ ಐದಕ್ಕ ಚಾಲೂ ಮಾಡ್ತೀನ್ರಿ. ಅವ್ವನ ಜೋಡಿ ಮಾತಾಡಿ ಬಂದ್ ಮಾಡಿಬಿಡ್ತೀನಿ. ತಪಾಸ ಮಾಡೋದಿದ್ರ ಆ ಹೊತ್ತಿಗೇ ಮಾಡ್ರಿ.” ಫಾರಂನ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಐದು ಗಂಟೆ ಎಂದು ಗುರುತು ಹಾಕಿಕೊಂಡೆ.

ಎರಡು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಒಬ್ಬ ಮನುಷ್ಯ ಬಂದ. ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು ಒಳಗೆ ಬಂದು ಎರಡೂ ಕೈ ಜೋಡಿಸಿದ. ಹೆಗಲಿಗೆ ಒಂದು ಬಟ್ಟೆಯ ಚೀಲ. ಒಂದು ಚೀಟಿಯಲ್ಲಿ ನಂಬರು ಬರೆದುಕೊಂಡು ಬಂದಿದ್ದ. ನಂಬರಿನ ಮೊದಲ ಅಂಕಿಗಳಿಂದ ಅದು ಯಾವ ಕಂಪನಿಯದು ಎಂದು ಆಗ ಯಾರು ಬೇಕಾದರೂ ಹೇಳಬಹುದಿತ್ತು.

“ನಮ್ಮ ಮನಿಯವರ ನಂಬರ್ರಿ ಇದು, ಅವರ ಅವ್ವನ ಫೋನಿನ್ಯಾಗ ಇತ್ತು. ಸಣ್ಣ ಮಾತಿಗಿ ಸಿಟ್ಟು ಮಾಡ್ಕೊಂಡು ಹೋಗ್ಯಾರ. ಈಗ ಅವರ ಅವ್ವಗ ಆರಾಮಿಲ್ಲ, ತಿಳಿಸೋಣಂದ್ರ ಫೋನ್ ಬಂದ್. ಎಲ್ಲಿ ಅದಾರ ಅಂತ ಅಷ್ಟು ಹೇಳಿದ್ರ ಉಪಕಾರ ಆಗ್ತದ.”

ರೇಷನ್ ಕಾರ್ಡ್ ಮುಂದಿಟ್ಟ. ಅದರಲ್ಲಿ ಅವನ ಫೋಟೊ, ಹೆಸರು, ಹೆಂಡತಿಯ ಹೆಸರು. ನಾನು ಅಲ್ಮಾರಿ ತೆಗೆದು ಫಾರಂ ಹುಡುಕಿದೆ. ಗಂಡನ ಹೆಸರಿನ ಕಾಲಂ ನೋಡಿದೆ. ಅಕ್ಷರಕ್ಕೆ ಅಕ್ಷರ ತಾಳೆಯಾಯಿತು. ತಾಳೆಯಾದರೆ ಸಾಕು, ನನಗೆ ಅದಕ್ಕಿಂತ ದೊಡ್ಡ ಸತ್ಯ ಇರಲಿಲ್ಲ. ಪೊಲೀಸರಿಗೂ ಪತ್ರವಿಲ್ಲದೆ ಒಂದಕ್ಷರ ಹೇಳದ ನಾನು, ಗಂಡನೇ ಬಂದಿದ್ದಾನೆ, ಅವಳ ಕೈಬರಹವೇ ಸಾಕ್ಷಿ ಎಂದು ವಿಳಾಸವನ್ನು ಗಟ್ಟಿಯಾಗಿ ಓದಿ ಹೇಳಿದೆ. ಹುಮನಾಬಾದ್ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿಯಿರಿ ಎಂದು ದಾರಿಯನ್ನೂ ಹೇಳಿಕೊಟ್ಟೆ.

ಅವನು ಟೇಬಲ್ಲಿನ ಮೇಲೆ ಬಾಗಿ ಫೋಟೊ ನೋಡಿದ. “ಸೊರಗ್ಯಾಳ,” ಎಂದ. ಆಮೇಲೆ ಕಾಲಮ್ಮಿನ ಮೇಲೆ ಬೆರಳಿಟ್ಟು ಕೇಳಿದ: “ಈ ಹೆಸರು ಅಕೀನ ಬರದಾಳೇನ್ರಿ?”

“ಹೌದು, ನನ್ನೆದುರಿಗೇ ಬರದಾರ.”

“ನನ್ನ ಹೆಸರು ಬರದಾಳ,” ಎಂದು ನಕ್ಕ. ಅದನ್ನು ನಾನು ಪ್ರೀತಿ ಎಂದುಕೊಂಡೆ.

ಊಟದ ಹೊತ್ತಿನ ನಂತರ ಇಬ್ರಾಹಿಂ ಹೊಸ ಫಾರಂಗಳ ಕಟ್ಟು ತಂದುಕೊಟ್ಟ. ನೋಡಪ್ಪಾ, ನೀನು ಮುಚ್ಚಿಟ್ಟಿದ್ದ ಫಾರಂ ಇವತ್ತು ಒಂದು ಸಂಸಾರ ಕೂಡಿಸಿತು ಎಂದು ಬೀಗುತ್ತ ನಡೆದದ್ದೆಲ್ಲ ಹೇಳಿದೆ.

“ಯಾ ಅಲ್ಲಾ! ಏನ್ ಮಾಡಿದ್ರಿ ಸಾಬ್? ಆ ಹೆಣ್ಮಗಳು ನನ್ನ ದುಕಾನಿಗಿ ಬಂದಾಗ ತಲಿಗಿ ಪಟ್ಟಿ ಕಟ್ಟಿತ್ತು. ಅಂವ ಒಮ್ಮಿ ಅಕಿ ಮೈಮ್ಯಾಲ ಸೀಮಿಎಣ್ಣಿ ಸುರದಾನ. ಕಡ್ಡಿ ಗೀರೂದ್ರೊಳಗ ಮಂದಿ ಬಂದ್ರು, ಉಳದಾಳ. ಹೆಸರಿಲ್ಲದ ಸಿಮ್ ಕೊಡಣ್ಣ ಅಂತ ಅತ್ಲು. ಅದಕ್ಕ ನಮ್ಮ ಕಾಕಾನ ಝೆರಾಕ್ಸ್ ಹಚ್ಚಿದ್ದೆ.”

“ಇದನ್ನ ಮೊದಲ ಯಾಕ ಹೇಳಲಿಲ್ಲೋ?”

“ಹೇಳಿದ್ರ ನೀವು ಕೇಳ್ತಿದ್ರೇನು?”

ಅವಳ ನಂಬರಿಗೆ ಹಚ್ಚಿದೆ. ಸ್ವಿಚ್ ಆಫ್. ಐದು ಗಂಟೆಯವರೆಗೆ ಅದು ಹಾಗೇ ಇರುತ್ತದೆ ಎಂದು ಪೆನ್ಸಿಲ್ ಗುರುತು ಹೇಳುತ್ತಿತ್ತು. ಆಗ ಎರಡೂವರೆ. ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಮುಂದಿನ ಹತ್ತು ನಿಮಿಷ ನಾನು ಯೋಚಿಸಿದ್ದು ಅವಳ ಬಗ್ಗೆ ಅಲ್ಲ, ನನ್ನ ನೌಕರಿಯ ಬಗ್ಗೆ. ಪೊಲೀಸರಿಗೆ ಹೇಳಿದರೆ ವಿಳಾಸ ಕೊಟ್ಟವರು ಯಾರು ಎಂದು ಕೇಳುತ್ತಾರಲ್ಲ. ಆ ಹತ್ತು ನಿಮಿಷ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆಮೇಲೆ ಕಮಲಾಪುರ ಠಾಣೆಗೆ ಫೋನು ಮಾಡಿದೆ. ಎತ್ತಿಕೊಂಡವರು ಪೂರ್ತಿ ಕೇಳಿ, “ಗಂಡ ಹೇಂತಿ ಮನಿಗಿ ಹೋದ್ರ ಅದಕ್ಕ ಏನಂತ ಕೇಸ್ ಹಾಕೂದ್ರಿ?” ಎಂದರು.

ಇಬ್ರಾಹಿಂನ ಮೋಟಾರ್ ಸೈಕಲ್ಲಿನಲ್ಲಿ ಇಬ್ಬರೂ ಹೊರಟೆವು. ದಾರಿಯುದ್ದಕ್ಕೂ ಎದುರಿನಿಂದ ಬರುವ ಪ್ರತಿ ಬಸ್ಸಿನ ಕಿಟಕಿಯಲ್ಲೂ ನಾನು ಬಿಳಿ ಅಂಗಿ ಹುಡುಕುತ್ತಿದ್ದೆ. ಅವನು ಕೆಲಸ ಮುಗಿಸಿ ವಾಪಸು ಹೊರಟಿದ್ದರೆ ಎಂಬ ಯೋಚನೆ ತಲೆಯಿಂದ ಹೋಗಲಿಲ್ಲ. ಕಮಲಾಪುರದಲ್ಲಿ ಕೆಂಪು ಬಾಳೆಯ ಗೊನೆ ತೂಗುಹಾಕಿದ ಅಂಗಡಿಗಳನ್ನು ದಾಟಿ, ಫಾರಂನಲ್ಲಿದ್ದ ಗುರುತು ಹಿಡಿದು ಹೋದರೆ ಮನೆ ಸಲೀಸಾಗಿ ಸಿಕ್ಕಿತು.

ಮಾಲಕಿ ಬಾಗಿಲಲ್ಲೇ ಎದುರಾದಳು, ಮುಖದ ತುಂಬ ಸಂಭ್ರಮ. “ಸುವರ್ಣಾನ ಯಜಮಾನ್ರು ಬಂದಾರ್ರೀ. ಎಂಥ ಶಾಂತ ಮನಷ್ಯಾ! ಚಾ ಕೊಟ್ಟು ಕುಂದರಿಸೀನಿ.” ಅವಳೇ ಕೋಣೆಯ ಬೀಗ ತೆಗೆದು ಕೊಟ್ಟಿದ್ದಳು.

ಅವನು ಮಂಚದ ಮೇಲೆ ಕೂತಿದ್ದ. ಸುವರ್ಣಾಳ ಸೀರೆಗಳನ್ನೆಲ್ಲ ಗೂಟದಿಂದ ತೆಗೆದು, ಮಡಚಿ, ಒಂದರ ಮೇಲೊಂದು ಪಕ್ಕದಲ್ಲಿ ಇಟ್ಟುಕೊಂಡಿದ್ದ. ಬಟ್ಟೆಯ ಚೀಲ ಖಾಲಿಯಾಗಿ ಕಿಟಕಿಗೆ ನೇತಾಡುತ್ತಿತ್ತು. ಸ್ಟೋವು ಅಡುಗೆಯ ಮೂಲೆಯಲ್ಲಿತ್ತು, ಸೀಮೆಎಣ್ಣೆಯ ಡಬ್ಬಿ ಮಾತ್ರ ಮಂಚದ ಕೆಳಗೆ, ಅವನ ಕಾಲ ಬಳಿ. ನನ್ನನ್ನು ನೋಡಿ ಎದ್ದು ಮತ್ತೆ ಕೈ ಜೋಡಿಸಿದ.

“ಬರ್ರಿ ಸಾಹೇಬ್ರ. ನೀವು ಕೊಟ್ಟ ವಿಳಾಸ ಬರೋಬ್ಬರಿ ಅದ. ಅಕಿ ಕೆಲಸಕ್ಕ ಎಲ್ಲಿ ಹೋಗ್ತಾಳಂತ ನಿಮ್ಮ ಫಾರಂನ್ಯಾಗ ಇಲ್ಲೇನ್ರಿ?”

“ಇಲ್ಲ,” ಎಂದೆ. ಜೀವಮಾನದಲ್ಲಿ ಒಂದು ಖಾಲಿ ಕಾಲಮ್ಮಿಗೆ ಅಷ್ಟು ಕೃತಜ್ಞನಾಗಿದ್ದು ಅದೊಂದೇ ಸಲ.

ಹೊರಗೆ ಬಂದು ಮಾಲಕಿಯನ್ನು ಕೇಳಿದೆ. ಎಲ್ಲೋ ಹೊಲಿಗೆ ಕೆಲಸಕ್ಕೆ ಹೋಗುತ್ತಾಳೆ, ಎಲ್ಲಿ ಎಂದರೆ ನಕ್ಕು ಸುಮ್ಮನಾಗುತ್ತಾಳೆ, ಐದೂವರೆಗೆ ಬರುತ್ತಾಳೆ ಎಂದಳು. ಆ ಡಬ್ಬಿ ನಿಮ್ಮದೇ ಎಂದು ಕೇಳಿದೆ. ಅವಳು ಒಳಗೆ ಇಣುಕಿ ನೋಡಿದಳು. ಸಂಭ್ರಮ ಇಳಿದುಹೋಯಿತು.

“ನಮ್ಮದಲ್ರೀ. ಅಕೀದೂ ಅಲ್ಲ.”

ಇಬ್ರಾಹಿಂ ಠಾಣೆಗೆ ಓಡಿದ. ನಾನು ಓಣಿಯ ತುದಿಯಲ್ಲಿ ನಿಂತು ಅವಳ ನಂಬರು ಒತ್ತುತ್ತಲೇ ಇದ್ದೆ. ಸ್ವಿಚ್ ಆಫ್ ಎಂದು ಹೇಳುವ ಆ ದನಿ ನಮ್ಮ ಕಂಪನಿಯದೇ, ಸಾವಿರ ಸಲ ಕೇಳಿದ್ದೆ, ಅವತ್ತು ಅದು ಮುಗಿಯುವ ಮೊದಲೇ ಕಟ್ ಮಾಡಿ ಮತ್ತೆ ಒತ್ತುತ್ತಿದ್ದೆ. ಐದು ಗಂಟೆ ದಾಟಿ ಎರಡು ನಿಮಿಷಕ್ಕೆ ರಿಂಗ್ ಆಯಿತು.

“ನಾನ್ರಿ, ಫಾರಂ ಆಫೀಸಿನ ದೇಶಪಾಂಡೆ. ಮನಿಗಿ ಹೋಗಬ್ಯಾಡ್ರಿ. ನಿಮ್ಮ ಯಜಮಾನ್ರು ಬಂದು ಕುಂತಾರ.”

ಆ ಕಡೆ ಹೊಲಿಗೆ ಮಷಿನ್ನುಗಳ ಸದ್ದು ಕೇಳುತ್ತಿತ್ತು.

“ವಿಳಾಸ ಯಾರ್ ಕೊಟ್ರು?”

“ನಾನ ಕೊಟ್ಟೆ.”

ಬೈದಿದ್ದರೆ ಸಹಿಸಬಹುದಿತ್ತು. ಅವಳು ಮೆಲ್ಲಗೆ, “ಪೊಲೀಸ್ರು ಬಿಟ್ರ ಯಾರೂ ನೋಡಂಗಿಲ್ಲ ಅಂದಿದ್ರಿ,” ಎಂದಳು. ಫೋನು ಕಟ್ಟಾಯಿತು. ಆ ನಂಬರು ಮತ್ತೆ ಯಾವತ್ತೂ ಚಾಲೂ ಆಗಲಿಲ್ಲ.

ಆರು ಗಂಟೆಗೆ ಪೇದೆ ಒಬ್ಬರು ಬಂದು ಅವನನ್ನು ಎಬ್ಬಿಸಿ ಎಚ್ಚರಿಕೆ ಕೊಟ್ಟು ಬಸ್ಸು ಹತ್ತಿಸಿದರು. ಅವನು ಅವರಿಗೂ ಕೈ ಮುಗಿದ. ಮಡಚಿದ ಸೀರೆಗಳು ಮಂಚದ ಮೇಲೇ ಉಳಿದವು. ಅವಳು ಅವನ್ನು ಒಯ್ಯಲು ಬರಲಿಲ್ಲ ಎಂದು ಮಾಲಕಿ ಆಮೇಲೆ ಹೇಳಿದಳು.

ನಡೆದದ್ದನ್ನು ಬರೆದು ಮೇಲಧಿಕಾರಿಗೆ ಕೊಟ್ಟೆ. ಕಂಪ್ಲೇಂಟ್ ಬಂದಿಲ್ಲವಲ್ಲ, ಬಿಡ್ರಿ ಎಂದರು. ಕಂಪ್ಲೇಂಟ್ ಕೊಡಬೇಕಾದವಳು ಎಲ್ಲಿದ್ದಾಳೆ, ಇದ್ದಾಳೋ ಇಲ್ಲವೋ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಕೆಲವು ತಿಂಗಳ ಮೇಲೆ, ಬಳಕೆಯಲ್ಲಿಲ್ಲ ಎಂಬ ಕಾರಣಕ್ಕೆ ಆ ನಂಬರನ್ನು ಬೇರೆ ಗ್ರಾಹಕರಿಗೆ ಕೊಡಲಾಯಿತು. ಆ ಕಾಗದಕ್ಕೂ ನಾನೇ ಸಹಿ ಹಾಕಿದೆ.

ನೋಂದಣಿ ಬೇಡ ಎಂದು ನಾನು ಹೇಳುವುದಿಲ್ಲ. ಶಾಲೆಯ ಮೆಟ್ಟಿಲ ಮೇಲೆ ಬಿದ್ದ ಮಕ್ಕಳ ತಂದೆತಾಯಿಗೆ ಆ ಮಾತು ಹೇಳಲು ನನಗೆ ಬಾಯಿಲ್ಲ. ಆದರೆ ನನ್ನ ಅಲ್ಮಾರಿಗಳಿಂದ ಸಿಗಬೇಕಾದವನು ಸಿಗಲಿಲ್ಲ, ಸಿಗಬಾರದವಳು ಸಿಕ್ಕಳು. ಫಾರಂ ಕೇಳುವವರ ಕೆಲಸ ಅದನ್ನು ತುಂಬಿಸಿಕೊಂಡಲ್ಲಿಗೆ ಮುಗಿಯುವುದಿಲ್ಲ ಎಂದು ನನಗೆ ತಿಳಿದದ್ದು ಹೀಗೆ. ಅಲ್ಲಿಂದ ನಿವೃತ್ತಿಯವರೆಗೆ ಗಂಡ, ಅಣ್ಣ, ಅಪ್ಪ ಯಾರೇ ಬಂದರೂ ವಿಳಾಸ ಓದಿ ಹೇಳಲಿಲ್ಲ. ಮೊಂಡ ಮುದುಕ ಎಂದು ಹೆಸರು ಬಂತು. ಮದುವೆ ಮನೆಗಳಲ್ಲಿ ಮದುಮಗಳನ್ನು ಹೊಸ್ತಿಲಲ್ಲಿ ತಡೆದು ಹೆಸರು ಹೇಳು ಎಂದು ಎಲ್ಲರೂ ನಗುವಾಗ ನಾನು ಎದ್ದು ಹೊರಗೆ ಹೋಗುತ್ತೇನೆ. ಯಾಕೆಂದು ಹೆಂಡತಿಗೆ ಗೊತ್ತು.

ನಿವೃತ್ತನಾದ ದಿನ ಇಬ್ರಾಹಿಂ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕೇಳಿದೆ: “ಆ ಸುವರ್ಣಾ ಎಲ್ಲಿದಾಳೋ, ನಿನಗೇನರ ಗೊತ್ತೇನು?”

ಅವನು ಲೋಟ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದ. “ಗೊತ್ತಿಲ್ಲ ಸಾಬ್,” ಎಂದ.

ಅವನಿಗೆ ಗೊತ್ತಿತ್ತು ಎಂದು ಇವತ್ತಿಗೂ ನನ್ನ ನಂಬಿಕೆ. ನಾನು ಎರಡನೇ ಸಲ ಕೇಳಲಿಲ್ಲ.